ಬ್ಯಾಂಕ್ ಖಾತೆಗೂ ಒಂದು ಉತಾರ ಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿ ಸದಸ್ಯರಿಗೆ ಹಾಗೂ ಲೆಕ್ಕಪತ್ರ ವಿಭಾಗದ ಎಲ್ಲರಿಗೆ,

ನಮ್ಮೂರು ದಡ್ಡಿ.

ಇದು ಕಬ್ಬಿನ ದರದ ಪತ್ರವಲ್ಲ. ದರದ ಮಾತು ಆಡಬೇಕಾದವರು ಆಡಿದ್ದಾರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕುಳಿತ ರೈತರು ಟನ್ನಿಗೆ 3,500 ರೂಪಾಯಿ ಕೇಳಿದರು; ಇಳುವರಿಯ ಲೆಕ್ಕದ ಮೇಲೆ 3,300 ರೂಪಾಯಿವರೆಗೆ ಎಂದು ಸರಕಾರ ಹೇಳಿದ ಮೇಲೆ ಎದ್ದರು. ನಾನು ಬರೆಯುತ್ತಿರುವುದು ದರ ನಿಕ್ಕಿಯಾದ ನಂತರದ ಸಂಗತಿ. ಆ ದುಡ್ಡು ನಿಮ್ಮ ಖಾತೆಯಿಂದ ಹೊರಬೀಳಲು ಯಾರ ಸಹಿ ಬೇಕು? ಆ ಸಹಿಯ ಅಧಿಕಾರ ಎಲ್ಲಿ ದಾಖಲಾಗಿದೆ? ಸಹಿ ಮಾಡುವವರು ಬದಲಾದರೆ ಬ್ಯಾಂಕಿನ ಕಡತದಲ್ಲಿ ಅದು ಎಷ್ಟು ದಿನಕ್ಕೆ ಬದಲಾಗುತ್ತದೆ? ಇಷ್ಟೇ ವಿಷಯ. ಸಣ್ಣದೆನಿಸಬಹುದು. ನಮ್ಮ ಮನೆಯಲ್ಲಿ ಅದು ಸಣ್ಣದಾಗಿರಲಿಲ್ಲ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ನಮ್ಮ ಕಬ್ಬು ಜನವರಿಯಲ್ಲಿ ಕಟಾವಾಗಿ ಒಂದು ಕಾರ್ಖಾನೆಗೆ ಹೋಯಿತು. ಯಾವುದೆಂದು ಬರೆಯುವುದಿಲ್ಲ, ಇಂದು ಅಲ್ಲಿ ಅಂದಿನವರು ಯಾರೂ ಉಳಿದಿಲ್ಲ. ಫೆಬ್ರುವರಿ ಮುಗಿಯಿತು, ಬಿಲ್ಲು ಬರಲಿಲ್ಲ. ಅಪ್ಪ ಎರಡು ಸಲ ಹೋಗಿ ಬರಿಗೈಲೆ ಬಂದರು. ಮೂರನೆಯ ಸಲ ಅವರ ಜೊತೆ ನಾನೂ ಹೋಗಿದ್ದೆ. ಲೆಕ್ಕದ ಕಿಟಕಿಯ ಒಳಗಿದ್ದ ಗುಮಾಸ್ತ ಒಳ್ಳೆಯ ಮನುಷ್ಯ. ಸುಳ್ಳು ಹೇಳಲಿಲ್ಲ. "ಗೌಡ್ರ, ದುಡ್ಡ ಐತ್ರಿ. ಸಹಿ ಇಲ್ಲ" ಅಂದ.

ನಡೆದದ್ದು ಇಷ್ಟು. ಹಂಗಾಮಿನ ನಡುವೆಯೇ ವ್ಯವಸ್ಥಾಪಕ ನಿರ್ದೇಶಕರು ಬದಲಾಗಿದ್ದರು. ಹೊಸಬರ ಸಹಿಗೆ ಅಧಿಕಾರ ಕೊಟ್ಟು ಮಂಡಳಿ ಠರಾವು ಮಾಡಿತ್ತು. ಠರಾವಿನ ಪ್ರತಿ ಬ್ಯಾಂಕಿಗೆ ಹೋಯಿತು. ಒಂದು ಪುಟಕ್ಕೆ ಶಿಕ್ಕಾ ಬಿದ್ದಿಲ್ಲವೆಂದು ವಾಪಸು ಬಂತು. ಶಿಕ್ಕಾ ಹಾಕಿ ಕಳಿಸಿದರೆ, ಎಲ್ಲ ನಿರ್ದೇಶಕರ ಗುರುತಿನ ಕಾಗದ ಹಳೆಯದಾಗಿದೆ, ಹೊಸದಾಗಿ ಕೊಡಿ ಅಂದರು. ಒಬ್ಬ ನಿರ್ದೇಶಕರು ಮಗಳ ಮನೆಗೆ ಊರು ಬಿಟ್ಟು ಹೋಗಿದ್ದರು. ಅವರ ಫೋಟೋ ಮತ್ತು ಸಹಿಗಾಗಿ ಹತ್ತು ದಿನ. ಶಾಖೆಯಿಂದ ಕಡತ ವಲಯ ಕಚೇರಿಗೆ ಹೋಗಿ ಬರಲು ಮತ್ತೊಂದು ವಾರ. ಅಷ್ಟರಲ್ಲಿ ಸೊಸಾಯಿಟಿಯ ಬೆಳೆಸಾಲದ ಗಡುವು ದಾಟಿತು. ಶೂನ್ಯ ಬಡ್ಡಿಯ ಲಾಭ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಅಪ್ಪ ಬಡ್ಡಿ ತೆತ್ತರು. ಕಾರ್ಖಾನೆಯಲ್ಲಿ ದುಡ್ಡು ಇದ್ದೂ ತೆತ್ತರು.

ಆ ಕಿಟಕಿಯ ಮಾತು ನನ್ನ ತಲೆಯಿಂದ ಹೋಗಲಿಲ್ಲ. ವಾಣಿಜ್ಯ ಓದಿದೆ, ಪುಣೆಗೆ ಹೋದೆ, ದೊಡ್ಡ ಕಂಪನಿಯೊಂದರ ಖಜಾನೆ ವಿಭಾಗ ಸೇರಿದೆ. ಬೇರೆ ಬೇರೆ ದೇಶ, ಬೇರೆ ಬೇರೆ ಬ್ಯಾಂಕುಗಳಲ್ಲಿರುವ ನೂರಕ್ಕೂ ಹೆಚ್ಚು ಖಾತೆಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅಲ್ಲಿಯೂ ಮೊದಲ ವರ್ಷ ನಾನು ಕಂಡದ್ದು ಅದೇ ಕಿಟಕಿ. ಖಾತೆಗಳ ಪಟ್ಟಿ ಒಬ್ಬ ಹಿರಿಯರ ಕಂಪ್ಯೂಟರಿನ ಒಂದು ಎಕ್ಸೆಲ್ ಹಾಳೆಯಲ್ಲಿತ್ತು. ಅವರು ನಿವೃತ್ತರಾದ ಮೇಲೆ ಲೆಕ್ಕ ಪರಿಶೋಧಕರು ಬಂದು ಕೇಳಿದಾಗ, ಎರಡು ಖಾತೆ ಯಾತಕ್ಕೆ ತೆರೆದದ್ದೆಂದು ಯಾರಿಗೂ ಹೇಳಲಾಗಲಿಲ್ಲ. ಇನ್ನೊಂದು ಖಾತೆಯಲ್ಲಿ ಸಹಿಯ ಅಧಿಕಾರ ಇದ್ದವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬ್ಯಾಂಕಿನ ದಾಖಲೆಯಲ್ಲಿ ಅವರು ಇನ್ನೂ ಸಹಿ ಮಾಡಬಲ್ಲವರಾಗಿದ್ದರು.

ಈಗ ನಿಮ್ಮ ಖಾತೆಗಳನ್ನು ಒಮ್ಮೆ ಮನಸ್ಸಿನಲ್ಲಿ ಎಣಿಸಿ. ಸಕ್ಕರೆ ಒತ್ತೆ ಸಾಲದ ಖಾತೆ, ಕಬ್ಬಿನ ಬಿಲ್ಲಿನ ಖಾತೆ, ಕಟಾವು ಮತ್ತು ಸಾಗಾಣಿಕೆಯ ಖಾತೆ, ಸಂಬಳ, ಭವಿಷ್ಯನಿಧಿ, ಶೇರು ಬಂಡವಾಳ, ವಿದ್ಯುತ್ ಮಾರಿದ ದುಡ್ಡು ಬೀಳುವ ಖಾತೆ, ಎಥನಾಲ್‌ಗೆ ತೈಲ ಕಂಪನಿಗಳು ಕೊಡುವ ದುಡ್ಡಿಗೆ ಸಾಲ ಕೊಟ್ಟ ಬ್ಯಾಂಕು ಕಣ್ಣಿಟ್ಟಿರುವ ಖಾತೆ. ಹಳೆಯ ಚೇರಮನ್ನರ ಕಾಲದಲ್ಲಿ ಯಾರದೋ ಮಾತಿಗೆ ಯಾವುದೋ ಪತ್ತಿನ ಸಂಘದಲ್ಲಿ ತೆರೆದು ಮರೆತ ಖಾತೆಯೂ ಒಂದಿರಬಹುದು. ಪ್ರತಿ ಖಾತೆಗೆ ಬೇರೆ ಠರಾವು, ಬೇರೆ ಸಹಿಯ ಕಾರ್ಡು, ಬೇರೆ ಮಿತಿ. ಹನ್ನೊಂದು ಜನ ನಿರ್ದೇಶಕರು, ಐದು ಬ್ಯಾಂಕು ಎಂದರೆ ಒಂದು ಸಲ ಗುರುತಿನ ಕಾಗದ ಹೊಸದು ಮಾಡಲು 55 ಕಟ್ಟು ಜೆರಾಕ್ಸ್. ಇದನ್ನೆಲ್ಲ ಒಬ್ಬ ಗುಮಾಸ್ತ ಸ್ಕೂಟರಿನ ಮೇಲೆ ಹೊತ್ತು ತಿರುಗುತ್ತಾನೆ.

ದುಡ್ಡು ಕಳಿಸುವುದು ಮಾತ್ರ ಎಂದೋ ಬದಲಾಗಿದೆ. 2019ರ ಡಿಸೆಂಬರಿನಿಂದ ನೆಫ್ಟ್, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ಹಗಲು ರಾತ್ರಿ, ರವಿವಾರವೂ ನಡೆಯುತ್ತವೆ. ಹತ್ತು ಸಾವಿರ ರೈತರ ಬಿಲ್ಲು ಒಂದು ಕಡತದಲ್ಲಿ ಹಾಕಿ ಒತ್ತಿದರೆ ಅದೇ ದಿನ ಮುಟ್ಟುತ್ತದೆ. ದುಡ್ಡು ಗಳಿಗೆಯೊಳಗೆ ಹೋಗುತ್ತದೆ, ಆ ದುಡ್ಡಿಗೆ ಅಪ್ಪಣೆ ಕೊಡುವ ಅಧಿಕಾರ ಇನ್ನೂ ಬಸ್ಸಿನಲ್ಲಿ ಹೋಗುತ್ತದೆ. ಗಣಕೀಕರಣ ಆಗಿದೆ ಎಂದು ವಾರ್ಷಿಕ ವರದಿಯಲ್ಲಿ ಬರೆಯುವಾಗ ಈ ಅರ್ಧ ಬಿಟ್ಟುಹೋಗಿದೆ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ.

ಕಾಗದ ತಡವಾದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿಸಿದ 14 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆ ಎಂದಿಟ್ಟುಕೊಳ್ಳಿ. 3,300ರ ದರದಲ್ಲಿ ಒಂದು ದಿನದ ಕಬ್ಬು 1 ಕೋಟಿ 65 ಲಕ್ಷ. 14 ದಿನದ್ದು 23 ಕೋಟಿ 10 ಲಕ್ಷ. ಅದು ಸಹಿಗಾಗಿ 21 ದಿನ ತಡವಾದರೆ ಬಡ್ಡಿಯೇ ಸುಮಾರು 20 ಲಕ್ಷ. ನೂರು ಟನ್ ಕಳಿಸಿದ ಒಬ್ಬ ರೈತನ ಪಾಲಿಗೆ ಅದು 2,848 ರೂಪಾಯಿ. ಒಂದು ಸಹಿಯ ಕಾರ್ಡು ಬದಲಾಗಲಿಲ್ಲ ಎಂಬ ಕಾರಣಕ್ಕೆ ಇಪ್ಪತ್ತು ಲಕ್ಷವನ್ನು ಕಾರ್ಖಾನೆಯಾದರೂ ಕಟ್ಟಬೇಕು, ರೈತರಾದರೂ ಬಿಡಬೇಕು. ನಮ್ಮಲ್ಲಿ ಬಿಡುವವರು ಯಾರೆಂದು ಎಲ್ಲರಿಗೂ ಗೊತ್ತು.

ತಡ ಒಂದು ಕಡೆ, ಮೋಸ ಇನ್ನೊಂದು ಕಡೆ. 2024ರ ಮೇ ತಿಂಗಳಲ್ಲಿ ಇಡೀ ಕರ್ನಾಟಕವನ್ನು ತಲ್ಲಣಗೊಳಿಸಿದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಪ್ರಕರಣವನ್ನು ನಾವು ರಾಜಕೀಯದ ಸುದ್ದಿಯಾಗಿ ಓದಿದೆವು. ನನ್ನ ಕಸುಬಿನವರು ಅದನ್ನು ಬೇರೆ ರೀತಿ ಓದಿದರು. ನಿಗಮದ ಖಾತೆಯನ್ನು ಬೆಂಗಳೂರಿನ ಒಂದು ಶಾಖೆಯಿಂದ ಎಂ.ಜಿ. ರಸ್ತೆಯ ಶಾಖೆಗೆ ಸಾಗಿಸಲಾಯಿತು. ಆ ಖಾತೆಗೆ 187 ಕೋಟಿ ಬಂತು. ಅದರಲ್ಲಿ ಸುಮಾರು 89 ಕೋಟಿ ಆಂಧ್ರ, ತೆಲಂಗಾಣದ ಖಾತೆಗಳಿಗೆ ಹರಿದುಹೋಯಿತು ಎಂದು ತನಿಖೆ ಹೇಳುತ್ತದೆ. ನಿಗಮದ ಲೆಕ್ಕ ವಿಭಾಗದ ಅಧೀಕ್ಷಕರು ಶಿವಮೊಗ್ಗದ ತಮ್ಮ ಮನೆಯಲ್ಲಿ ಜೀವ ಕಳೆದುಕೊಂಡ ಮೇಲೆಯೇ ಇದೆಲ್ಲ ಹೊರಗೆ ಬಂದದ್ದು. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ಹೇಳಲಿ. ಖಾತೆ ಎಲ್ಲಿಗೆ ಹೋಯಿತು, ಯಾವ ಠರಾವಿನ ಮೇಲೆ, ಯಾರ ಸಹಿಗೆ ಅಧಿಕಾರ ಬಂತು ಎಂಬುದು ಅದೇ ದಿನ ಹತ್ತು ಜನರ ಕಣ್ಣಿಗೆ ಬೀಳುವ ವ್ಯವಸ್ಥೆ ಇದ್ದಿದ್ದರೆ ಒಬ್ಬ ಲೆಕ್ಕದ ಮನುಷ್ಯ ಆ ಭಾರವನ್ನು ಒಬ್ಬನೇ ಹೊರಬೇಕಾಗುತ್ತಿರಲಿಲ್ಲ. ನಿಮ್ಮ ಲೆಕ್ಕ ವಿಭಾಗದವರಿಗೆ ಈ ಪತ್ರವನ್ನು ಹೆಸರೆತ್ತಿ ಬರೆದದ್ದು ಅದಕ್ಕಾಗಿಯೇ.

ಅದೇ ವರ್ಷದ ಆಗಸ್ಟಿನಲ್ಲಿ ರಾಜ್ಯದ ಆರ್ಥಿಕ ಇಲಾಖೆ ಎರಡು ದೊಡ್ಡ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿರುವ ಎಲ್ಲ ಸರಕಾರಿ ಖಾತೆ ಮುಚ್ಚಿ ಎಂದು ಆದೇಶಿಸಿ, ನಾಲ್ಕೇ ದಿನದಲ್ಲಿ ಅದನ್ನು ತಡೆಹಿಡಿಯಿತು. ಆದೇಶ ಸರಿಯೋ ತಪ್ಪೋ ಬಿಡಿ. ಅಂಥ ಆದೇಶ ಪಾಲಿಸಲು ಮೊದಲು ಬೇಕಾದದ್ದು ಒಂದು ಪಟ್ಟಿ. ಇಂದು ಸಂಜೆಯೊಳಗೆ ಅಂಥ ಪಟ್ಟಿ ಕೊಡಿ ಎಂದರೆ ನಿಮ್ಮಲ್ಲಿ ಎಷ್ಟು ಜನ ಕೊಡಬಲ್ಲಿರಿ?

ನಮ್ಮ ಭಾಗದವರಿಗೆ ಇದನ್ನು ತಿಳಿಸಲು ಪರದೇಶದ ಮಾತು ಬೇಕಿಲ್ಲ, ಉತಾರ ಸಾಕು. ಒಂದು ಕಾಲಕ್ಕೆ ಹೊಲದ ಉತಾರ, ಅಂದರೆ ಪಹಣಿ, ತಲಾಟಿಯ ಚೀಲದಲ್ಲಿತ್ತು. ಹೊಲ ಯಾರದು, ಎಷ್ಟು ಗುಂಟೆ, ಯಾವ ಬ್ಯಾಂಕಿನ ಬೋಜಾ ಇದೆ, ಎಲ್ಲ ಅವನು ಬರೆದದ್ದೇ. 2000ದ ಸುಮಾರಿಗೆ ಭೂಮಿ ತಂತ್ರಾಂಶ ಬಂತು, ಕೈಬರಹದ ಉತಾರಕ್ಕೆ ಬೆಲೆ ಇಲ್ಲವೆಂದು ಸರಕಾರ ಸಾರಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಡಬೇಕಾಯಿತು. ಯಾರು ಯಾವಾಗ ಏನು ತಿದ್ದಿದರು ಎಂಬ ಗುರುತು ಉಳಿಯತೊಡಗಿತು. ಎಲ್ಲ ತಂಟೆ ಮುಗಿಯಲಿಲ್ಲ, ತಹಸೀಲ್ದಾರ ಕಚೇರಿಯ ಮುಂದಿನ ಸಾಲು ಇಂದಿಗೂ ಇದೆ. ಆದರೆ ಇಂದು ದಡ್ಡಿಯ ಒಬ್ಬ ಮುದುಕಿ ತನ್ನ ಹೊಲದ ಮೇಲೆ ಯಾವ ಬೋಜಾ ಇದೆ ಎಂದು ನೋಡಬಲ್ಲಳು. ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಗೆ ತನ್ನ ಖಾತೆಗಳ ಬಗ್ಗೆ ಅಷ್ಟು ಹೇಳಲು ಬರುವುದಿಲ್ಲ.

ಖಾತೆಯ ಉತಾರ ಅಂದರೆ ಅದೇ. ಯಾವ ಬ್ಯಾಂಕು, ಯಾವ ಶಾಖೆ, ಯಾತಕ್ಕಾಗಿ ತೆರೆದದ್ದು, ಯಾವ ದಿನದ ಠರಾವು, ಎಷ್ಟು ರೂಪಾಯಿವರೆಗೆ ಒಬ್ಬರ ಸಹಿ, ಎಷ್ಟರ ಮೇಲೆ ಇಬ್ಬರದು, ಯಾವ ಸಾಲದ ಬೋಜಾ. ಅಧಿಕಾರ ಬದಲಾದರೆ ಅದು ಫೇರಫಾರ, ಅಂದರೆ ಹೊಲದ ಹಕ್ಕು ಬದಲಾದಾಗ ಆಗುವ ನೋಂದಣಿಯಂಥದು. ಅದಕ್ಕೆ ಅರ್ಜಿ, ಪರಿಶೀಲನೆ, ಮಂಜೂರಿ, ಮೂರಕ್ಕೂ ತಾರೀಖು ಮತ್ತು ಹೆಸರು ಇರಬೇಕು. ಹೊಲಕ್ಕೆ ಸರ್ವೆ ನಂಬರು ಇದ್ದಂತೆ ಸಂಸ್ಥೆಗಳಿಗೂ ಈಗ ಒಂದು ನಂಬರಿದೆ. 20 ಅಕ್ಷರ ಅಂಕಿಗಳ ಆ ಗುರುತು ಇಲ್ಲದೆ 50 ಕೋಟಿ ಮತ್ತು ಅದಕ್ಕೂ ಹೆಚ್ಚಿನ ಮೊತ್ತವನ್ನು ಆರ್‌ಟಿಜಿಎಸ್‌ನಲ್ಲಿ ಕಳಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಏಪ್ರಿಲಿನಿಂದ ಜಾರಿ ಮಾಡಿದೆ. ಸರ್ವೆ ನಂಬರು ಬಂದಿದೆ, ಉತಾರ ಬರೆಯುವುದು ಬಾಕಿ.

ದೊಡ್ಡ ಜಗತ್ತಿನಲ್ಲಿ ಈ ಕೆಲಸಕ್ಕೆ ಭಾಷೆಯೊಂದು ಸಿದ್ಧವಾಗಿ ಹದಿನೈದು ವರ್ಷ ಮೀರಿತು. ಬ್ಯಾಂಕುಗಳ ನಡುವೆ ಸಂದೇಶ ಒಯ್ಯುವ ಸ್ವಿಫ್ಟ್ ಎಂಬ ಬೆಲ್ಜಿಯಂ ಸಂಸ್ಥೆಯ ಹೆಸರು ನೀವು ಕೇಳಿರುತ್ತೀರಿ. ಐಎಸ್‌ಒ 20022 ಎಂಬ ಸಂದೇಶ ಮಾದರಿಯಲ್ಲಿ ಹಣ ಕಳಿಸುವುದಕ್ಕೆ ಒಂದು ಬಗೆಯ ಸಂದೇಶಗಳಿದ್ದರೆ, ಖಾತೆ ತೆರೆಯಲು, ಬದಲಿಸಲು, ಮುಚ್ಚಲು ಬೇರೆಯೇ ಸಂದೇಶಗಳಿವೆ. ಕಂಪನಿ ಅದನ್ನು ಡಿಜಿಟಲ್ ಸಹಿಯೊಂದಿಗೆ ಕಳಿಸುತ್ತದೆ, ಬ್ಯಾಂಕು ಮುಟ್ಟಿತು ಅನ್ನುತ್ತದೆ, ಕೊರತೆ ಇದ್ದರೆ ಯಾವುದೆಂದು ಹೇಳುತ್ತದೆ, ಆಯಿತು ಅನ್ನುತ್ತದೆ. ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸಿದ್ದು ಇನ್ನೊಂದು ಸಂದೇಶ: ನಿಮ್ಮ ಬಳಿ ನಮ್ಮ ಖಾತೆಯ ಮೇಲೆ ಯಾರ ಯಾರ ಅಧಿಕಾರ ದಾಖಲಾಗಿದೆ ಎಂದು ಬ್ಯಾಂಕನ್ನೇ ಕೇಳುವುದು. ಬ್ಯಾಂಕು ಕೊಟ್ಟ ಉತ್ತರ, ನಮ್ಮ ಕಂಪನಿಯ ಪಟ್ಟಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ತೀರಿಹೋದವರು, ಕೆಲಸ ಬಿಟ್ಟವರು, ವರ್ಗವಾದವರು ಒಬ್ಬೊಬ್ಬರಾಗಿ ಕಾಣತೊಡಗುತ್ತಾರೆ. ನಮ್ಮಲ್ಲಿ ಮೊದಲ ಸಲ ಹೀಗೆ ತಾಳೆ ನೋಡಿದ ದಿನ ಮಧ್ಯಾಹ್ನ ಯಾರೂ ಊಟಕ್ಕೆ ಏಳಲಿಲ್ಲ.

ಇಷ್ಟು ಚಂದದ ಏರ್ಪಾಡು ಯಾಕೆ ಎಲ್ಲ ಕಡೆ ಹಬ್ಬಲಿಲ್ಲ ಎಂದು ನೀವು ಕೇಳಬೇಕು. ಅನೇಕ ಬ್ಯಾಂಕುಗಳು ಮುಂದಿನ ಬಾಗಿಲಲ್ಲಿ ಡಿಜಿಟಲ್ ಸಂದೇಶ ತೆಗೆದುಕೊಂಡು, ಹಿಂದಿನ ಕೋಣೆಯಲ್ಲಿ ಅದನ್ನು ಮುದ್ರಿಸಿ ಕಡತಕ್ಕೆ ಸೇರಿಸಿದವು. ಒಂದೊಂದು ಬ್ಯಾಂಕಿಗೆ ಒಂದೊಂದು ನಮೂನೆ, ಒಂದೊಂದು ದೇಶಕ್ಕೆ ಸಹಿಯ ಒಂದೊಂದು ಕಾಯ್ದೆ. ನಮ್ಮಲ್ಲಿ ಕಾಯ್ದೆಯ ತೊಡಕು ಅಷ್ಟಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದೆ. ಉಯಿಲಿನಂಥ ಕೆಲವು ಕಾಗದಗಳನ್ನು ಅದು ಹೊರಗಿಟ್ಟಿದೆ, ಮಂಡಳಿಯ ಠರಾವು ಆ ಪಟ್ಟಿಯಲ್ಲಿಲ್ಲ. ಕಂಪನಿ ಕಾಯ್ದೆಯಡಿ ಇರುವ ಕಾರ್ಖಾನೆಗಳ ನಿರ್ದೇಶಕರು 2006ರಿಂದ ಕೇಂದ್ರ ಸರಕಾರಕ್ಕೆ ಡಿಜಿಟಲ್ ಸಹಿಯಲ್ಲೇ ಕಾಗದ ಸಲ್ಲಿಸುತ್ತಿದ್ದಾರೆ. ದಿಲ್ಲಿಗೆ ನಡೆಯುವ ಸಹಿ ಸಂಕೇಶ್ವರದ ಶಾಖೆಗೆ ಯಾಕೆ ನಡೆಯುವುದಿಲ್ಲ ಎಂದು ಬ್ಯಾಂಕಿನವರನ್ನು ಕೇಳುವ ಶಕ್ತಿ ನಿಮಗಿದೆ. ನೀವು ಅವರ ದೊಡ್ಡ ಗಿರಾಕಿಗಳು. ಮೂರು ತಾಲೂಕಿನ ಕಾರ್ಖಾನೆಗಳು ಒಟ್ಟಾಗಿ ಒಂದೇ ನಮೂನೆ ಕೇಳಿದರೆ ಬೆಳಗಾವಿಯ ವಲಯ ಕಚೇರಿಗಳು ಇಲ್ಲ ಅನ್ನಲಾರವು.

ಡಿಜಿಟಲ್ ಸಹಿಯ ಮಾತು ಬಂದಾಗ ಒಂದು ಕಹಿ ಸಂಗತಿ ಹೇಳಲೇಬೇಕು. ಆ ಸಹಿಗಾಗಿ ಕಂಪ್ಯೂಟರಿಗೆ ಚುಚ್ಚುವ, ನಿರ್ದೇಶಕರ ಹೆಸರಿನ ಟೋಕನ್ನು ಗುಮಾಸ್ತನ ಡ್ರಾವರಿನಲ್ಲಿ, ಅದರ ಪಿನ್ನು ಅದಕ್ಕೇ ಹಚ್ಚಿದ ಚೀಟಿಯಲ್ಲಿ ಇರುವುದನ್ನು ನಾನು ಒಂದಲ್ಲ ಹಲವು ಕಡೆ ಕಂಡಿದ್ದೇನೆ. ನಂಬಿಗೆಯಿಂದಲೇ ಕೊಟ್ಟಿರುತ್ತಾರೆ. ಆದರೆ ಅದು ಗುಮಾಸ್ತನಿಗೆ ಮಾಡುವ ಅನ್ಯಾಯ. ನಾಳೆ ಏನಾದರೂ ಆದರೆ ಸಹಿ ನಿರ್ದೇಶಕರದು, ಕೈ ಅವನದು. ಠಾಣೆಗೆ ಹೋಗುವವನು ಅವನು. ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿ ಕೊಟ್ಟು ಹೋಗುವ ಹಳೆಯ ರೂಢಿ ಹೊಸ ವೇಷ ತೊಟ್ಟಿದೆ, ಅಷ್ಟೇ. ಟೋಕನ್ನು ತಮ್ಮ ಕಿಸೆಯಲ್ಲೇ ಇಟ್ಟುಕೊಳ್ಳಲು ಆಗದವರು ಸಹಿಯ ಅಧಿಕಾರವನ್ನು ಒಪ್ಪಿಕೊಳ್ಳಬಾರದು. ನಮ್ಮ ಹಿರಿಯ ನಿರ್ದೇಶಕರಿಗೆ ಇದು ಬಾರದ ವಿದ್ಯೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬಹಳ ಹಿಂದೆಯೇ ಗೋಕಾಕ ಫಾಲ್ಸಿನ ನೀರಿನಿಂದ ವಿದ್ಯುತ್ ತೆಗೆದ ನೆಲವಿದು. 1969ರಲ್ಲಿ ಹುಕ್ಕೇರಿಯ ಹಳ್ಳಿಗರು ಸೇರಿ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಟೋಕನ್ನು ಚುಚ್ಚಿ ಪಿನ್ನು ಒತ್ತುವುದು ಅದಕ್ಕಿಂತ ಕಷ್ಟದ್ದೇನಲ್ಲ.

ನಾನು ಕೇಳುವುದು ಇಷ್ಟು. ಯಾವ ದೊಡ್ಡ ತಂತ್ರಾಂಶವನ್ನೂ ಮೊದಲೇ ಕೊಳ್ಳಬೇಡಿ. ಈ ಮಳೆಗಾಲದಲ್ಲಿ, ಗಾಣ ನಿಂತಿರುವಾಗ, ಪ್ರತಿ ಬ್ಯಾಂಕಿಗೂ ಪತ್ರ ಬರೆದು ಅವರ ದಾಖಲೆಯಲ್ಲಿರುವ ಸಹಿದಾರರ ಪಟ್ಟಿ ತರಿಸಿ. ನಿಮ್ಮ ಠರಾವಿನ ಪುಸ್ತಕದೊಂದಿಗೆ ತಾಳೆ ನೋಡಿ. ಬೇಡದ ಖಾತೆ ಮುಚ್ಚಿ. ಕ್ಯಾಶ್ ಕ್ರೆಡಿಟ್ ಸಾಲ ಇರುವವರು ಬೇಕಾದಲ್ಲೆಲ್ಲ ಚಾಲೂ ಖಾತೆ ತೆರೆಯಬಾರದೆಂದು ರಿಸರ್ವ್ ಬ್ಯಾಂಕು 2020ರ ಆಗಸ್ಟಿನಲ್ಲೇ ಶಿಸ್ತು ತಂದಿದೆ, ಮುಚ್ಚಲು ಅದೂ ಒಂದು ಕಾರಣ. ಉಳಿದ ಖಾತೆಗಳಿಗೆ ಉತಾರ ಬರೆಯಿರಿ. ಲೆಕ್ಕ ವಿಭಾಗ ಬರೆಯಲಿ, ಕಾರ್ಯದರ್ಶಿ ಪರಿಶೀಲಿಸಲಿ, ಮಂಡಳಿ ಮೂರು ತಿಂಗಳಿಗೊಮ್ಮೆ ನೋಡಲಿ. ವ್ಯವಸ್ಥಾಪಕ ನಿರ್ದೇಶಕರು ಬದಲಾಗುವ ಸಭೆಯಲ್ಲೇ ಬ್ಯಾಂಕಿಗೆ ಹೋಗುವ ಸಂದೇಶವೂ ಸಿದ್ಧವಾಗಿ, ಡಿಜಿಟಲ್ ಸಹಿಯೊಂದಿಗೆ, ಸಭೆ ಮುಗಿಯುವ ಮೊದಲೇ ಹೊರಡಲಿ. ಹೊಸಬರ ಹೆಸರು ಏರುವ ತನಕ ಕಬ್ಬಿನ ಬಿಲ್ಲು ನಿಲ್ಲದಂತೆ ಇನ್ನಿಬ್ಬರಿಗೆ ಅಧಿಕಾರ ಮೊದಲೇ ಇರಲಿ. ಕೊನೆಯದು ಸಹಕಾರಿ ಕಾರ್ಖಾನೆಗಳಿಗೆ ಮಾತ್ರ: ವಾರ್ಷಿಕ ಸಭೆಯಲ್ಲಿ ಶೇರುದಾರರ ಮುಂದೆ ಖಾತೆಗಳ ಸಂಖ್ಯೆಯನ್ನೂ ಬ್ಯಾಂಕುಗಳ ಹೆಸರನ್ನೂ ಓದಿ ಹೇಳಿ. ಅದು ಅವರ ದುಡ್ಡು.

ನಮ್ಮ ದಡ್ಡಿಯಲ್ಲಿ ಕೇಂದ್ರ ಜಲ ಆಯೋಗದವರು ಘಟಪ್ರಭೆಯ ನೀರು ಅಳೆಯುವ ಜಾಗವಿದೆ. ಮಳೆಗಾಲದಲ್ಲಿ ಹೊಳೆ ಎಷ್ಟು ಏರಿತು, ಎಷ್ಟು ಹರಿಯಿತು ಎಂಬುದನ್ನು ಬರೆದಿಡುತ್ತಾರೆ. ಸಣ್ಣವಳಿದ್ದಾಗ ಅದನ್ನು ನೋಡುತ್ತ ನಿಲ್ಲುತ್ತಿದ್ದೆ. ಕೆಳಗೆ ಹಿಡಕಲ್ ಜಲಾಶಯ, ಅದರ ಕೆಳಗೆ ನಿಮ್ಮ ಕಾರ್ಖಾನೆಗಳಿಗೆ ಬರುವ ಕಬ್ಬಿನ ಹೊಲಗಳು. ಹೊಳೆಯ ಒಂದೊಂದು ಅಡಿಗೂ ಲೆಕ್ಕವಿದೆ. ಅದೇ ಹೊಲಗಳಿಂದ ಹುಟ್ಟಿ ನಿಮ್ಮ ಖಾತೆಗಳಲ್ಲಿ ಹರಿಯುವ ದುಡ್ಡಿನ ಬಾಗಿಲು ಯಾರ ಕೈಯಲ್ಲಿದೆ ಎಂಬುದಕ್ಕೂ ಅಂಥದೇ ಒಂದು ಲೆಕ್ಕ ಇರಬೇಕೆಂದು ನಾನು ಕೇಳುತ್ತಿದ್ದೇನೆ.

ಶ್ರಾವಣದಲ್ಲಿ ಹದಿನೈದು ದಿನ ಊರಿಗೆ ಬರುತ್ತೇನೆ. ಯಾವ ಕಾರ್ಖಾನೆ ಕರೆದರೂ ಬರುತ್ತೇನೆ. ಪಟ್ಟಿ ಮಾಡಲು, ಬ್ಯಾಂಕಿಗೆ ಬರೆಯುವ ಪತ್ರದ ನಮೂನೆ ಸಿದ್ಧಪಡಿಸಲು, ಗುಮಾಸ್ತರ ಪಕ್ಕದಲ್ಲಿ ಕುಳಿತು ತಾಳೆ ನೋಡಲು. ಸಂಬಳ ಬೇಡ. ಬಾಯ್ಲರ್ ಪ್ರದೀಪನಕ್ಕೆ ಮೊದಲು ಈ ಕೆಲಸ ಮುಗಿದಿರಲಿ. ಅಪ್ಪನಿಗೆ ಈಗ ಎಪ್ಪತ್ತೊಂದು. ಈ ಸಲವೂ ಕಬ್ಬು ನಿಮಗೇ ಕಳಿಸುತ್ತಾರೆ.

ನಿಮ್ಮವಳೇ ಆದ,
ದಡ್ಡಿಯ ಕಬ್ಬು ಬೆಳೆಗಾರನೊಬ್ಬನ ಮಗಳು